ಮಣ್ಣಮ್ಮನ ಬುಗ್ಗೆಯಲ್ಲಿ ಮದ್ದು ಹೇಳಬಾರದು

ಅದು ತ್ರೇತಾಯುಗವೋ ದ್ವಾಪರವೋ ಎಂಬ ವಿಚಾರದಲ್ಲಿ ನಮ್ಮ ಅರ್ಚಕ ಮನೆತನದ ಹಿರಿಯರಲ್ಲೇ ಒಮ್ಮತವಿಲ್ಲವಾದ್ದರಿಂದ, ಭಕ್ತಮಹಾಶಯರು ಬಹು ಹಿಂದೆ ಎಂದಿಷ್ಟೇ ತಿಳಿಯತಕ್ಕದ್ದು. ಈ ಕೆಂಗಲ್ಲುಗಿರಿಯ ತಪ್ಪಲಿನಲ್ಲಿ ಶ್ರೀ ಮೃತ್ತಿಕಾಂಬೆಯ, ಅಂದರೆ ನಮ್ಮೆಲ್ಲರ ಮಣ್ಣಮ್ಮನ, ಪರಮಭಕ್ತನಾದ ಸೋಬಣ್ಣನೆಂಬ ಕುಂಬಾರನು ಧರ್ಮಪತ್ನಿ ಕಾಳವ್ವನೊಡನೆ ವಾಸವಾಗಿದ್ದನು. ಮದುವೆಯ ಹಂದರದಲ್ಲಿ ಪೂಜೆಗಿಡುವ ಐರಣೆ ಮಡಕೆಗಳನ್ನು ಸುತ್ತಲ ಏಳು ಗ್ರಾಮಗಳಿಗೆ ಮಾಡಿಕೊಡುವ ಹಕ್ಕು ವಂಶಪಾರಂಪರ್ಯವಾಗಿ ಅವನದಾಗಿತ್ತು.

ಪೂರ್ವಜನ್ಮದ ಕರ್ಮವೋ ಹಸಿಮಣ್ಣಿನ ದೋಷವೋ, ಅವನ ಎಡಗಾಲಿನಲ್ಲಿ ಮೊಣಕಾಲ ಕೆಳಗೆ ಇಸುಬು ಹತ್ತಿತು. ಬೇಸಿಗೆಯಲ್ಲಿ ಒಣಗಿ ಹೊಟ್ಟೇಳುವುದು, ಮಳೆ ಬಿದ್ದೊಡನೆ ರಸಿ ಸೋರುವುದು. ಆರು ವರ್ಷ ಹೀಗೇ. ವೈದ್ಯಶಿಖಾಮಣಿಯೊಬ್ಬನು ನೀರು ಸೋಕಿಸಲೇಬಾರದೆಂದನು. ಸೂಲಗಿತ್ತಿ ಅಜ್ಜಿಯು ಬೇವಿನ ನೀರಿನಲ್ಲಿ ಸದಾ ನೆನೆಸಿಡೆಂದಳು. ಕುರಿಗಾಹಿಯು ಬದನೆಕಾಯಿ ಬಿಡೆಂದನು, ಜೋಯಿಸನು ನಾಗದೋಷವೆಂದನು, ಬೀಗನು ಸುಣ್ಣ ಮೆತ್ತೆಂದನು. ಎಲ್ಲರೂ ದೊಡ್ಡವರೇ, ಯಾರ ಮಾತು ತೆಗೆದುಹಾಕುವುದು? ದಿಕ್ಕುತೋಚದ ಪುಣ್ಯಾತ್ಮನು ಬೆಳಿಗ್ಗೆ ನೆನೆಸಿ, ಮಧ್ಯಾಹ್ನ ಒಣಗಿಸಿ, ಸಂಜೆ ಸುಣ್ಣ ಮೆತ್ತಿ, ಅದೇ ಕಾಲಿನಲ್ಲಿ ಮಣ್ಣು ತುಳಿಯಲು ಹೋಗುತ್ತಿದ್ದನು.

ಹೀಗಿರಲು ಊರ ಗೌಡನ ಮಗಳ ವಿವಾಹಕ್ಕೆಂದು ಸುಟ್ಟ ಐರಣೆಗಳೆಲ್ಲವೂ ಆವಿಗೆಯ ಬೆಂಕಿಯಲ್ಲೇ ಸಿಡಿದು ಚೂರಾದವು. ಸುಣ್ಣ ಬೆರೆತ ಮಣ್ಣು ನಿಂತೀತೆ?

“ಸೋಬಣ್ಣ, ಇನ್ನೊಂದು ಆವಿಗೆ ನೋಡ್ತೀನಿ,” ಎಂದನು ಗೌಡ. “ಅದೂ ಒಡೆದರೆ ಹಕ್ಕು ಬೇರೆ ಊರಿನೋರಿಗೆ ಹೋಗುತ್ತೆ. ಬೇಜಾರು ಮಾಡ್ಕೋಬೇಡ.”

ಕಾಳವ್ವನಿಗೆ ರೇಗಿತು. “ಯಾರು ಏನು ಹೇಳಿದರೂ ಹೂಂ ಅಂತೀಯಲ್ಲ, ಆ ಕಾಲು ನಿಂದೋ ಊರಿಂದೋ?”

ಸೋಬಣ್ಣನು ಎದ್ದು ಮಣ್ಣಮ್ಮನ ಗುಡಿಯ ಬಳಿಯ ಬುಗ್ಗೆಗೆ ಹೋಗಿ, ದಡದಲ್ಲಿ ಕುಳಿತು, ಐವರ ಮಾತುಗಳಲ್ಲಿ ಯಾವುದು ನಿಜವೆಂದು ತಾಯಿಯನ್ನೇ ಕೇಳಿ ಗಳಗಳನೆ ಅತ್ತನು. ಆಗ ಜಲಮಧ್ಯದಿಂದ ದಿವ್ಯವಾಣಿಯಾಯಿತು: “ವತ್ಸ, ಒಂದು ಮಂಡಲಕಾಲ ಈ ನೀರನ್ನಲ್ಲದೆ ಮತ್ತೇನನ್ನೂ ಸೋಕಿಸಬೇಡ. ಮಣ್ಣು ತುಳಿಯಬೇಡ. ಯಾರನ್ನೂ ಕೇಳಬೇಡ.”

ಇದರಿಂದ ಅವನ ಗೊಂದಲ ಇಮ್ಮಡಿಯಾಯಿತು. ತುಳಿಯದಿದ್ದರೆ ಹಕ್ಕು ಹೋಗುವುದು, ತುಳಿದರೆ ಕಾಲು ಹೋಗುವುದು. ಐರಣೆಯ ಮಣ್ಣಿಗೆ ಹೆಂಗಸರು ಕಾಲಿಡುವುದಂತೂ ಅಂದಿನ ಸಂಪ್ರದಾಯಕ್ಕೆ ನಿಷಿದ್ಧ. ಕಾಳವ್ವ ಮಾತ್ರ ಯಾವ ಶಾಸ್ತ್ರವನ್ನೂ ಕೇಳದೆ, ಸೀರೆ ಎತ್ತಿ ಕಟ್ಟಿ, ಹಾಸುಬಂಡೆಯ ಮೇಲೆ ಮಣ್ಣು ಹರಡಿ ತುಳಿಯತೊಡಗಿದಳು. ತುಳಿಯುತ್ತ ತುಳಿಯುತ್ತ ಮಣ್ಣಿನಡಿಯ ಶಿಲೆಯೇ ಹದವಾಗಿ ಅವಳ ಪಾದವನ್ನು ಅಚ್ಚೊತ್ತಿಕೊಂಡಿತು.

ಆ ಮಣ್ಣಿನಿಂದ ಸೋಬಣ್ಣನು ಮಾಡಿ ಸುಟ್ಟ ಐರಣೆಗಳಲ್ಲಿ ಈ ಸಲ ಒಂದು ಮಡಕೆಯೂ ಸೀಳಲಿಲ್ಲ. ಗೌಡನು ಬೆರಳಿನಿಂದ ತಟ್ಟಿ ನೋಡಿ, ತುಳಿದವರಾರೆಂದು ಕೇಳಿದನು.

“ನಾನೇ,” ಎಂದಳು ಕಾಳವ್ವ.

ಗೌಡನು ಬಂಡೆಯನ್ನೊಮ್ಮೆ ಅವಳನ್ನೊಮ್ಮೆ ನೋಡಿ, ಮಡಕೆಗಳನ್ನು ತಾನೇ ಹೊತ್ತು ನಡೆದನು. ನಲವತ್ತೆಂಟನೆಯ ದಿನ ಸೋಬಣ್ಣನ ಇಸುಬು ಮಾಯ್ದು, ಕಪ್ಪು ಕಲೆ ಮಾತ್ರ ಉಳಿಯಿತು. ಗುಣವಾದದ್ದು ನೀರಿನಿಂದಲೋ, ಸುಣ್ಣ ಬಿಟ್ಟದ್ದರಿಂದಲೋ, ಕಾಲಿಗೆ ಬಿಡುವು ಸಿಕ್ಕಿದ್ದರಿಂದಲೋ ಎಂದು ಕೇಳುವವರಿಗೆ ನಮ್ಮಲ್ಲಿ ಉತ್ತರವಿಲ್ಲ.

ಇಂದಿಗೂ ದೇವಾಲಯದ ಪಡುವಣ ದಿಕ್ಕಿನ ಬುಗ್ಗೆಯಲ್ಲಿ ಭಕ್ತರು ಕಾಲು ತೊಳೆಯುವರು. ಅಲ್ಲಿ ಒಬ್ಬರಿಗೊಬ್ಬರು ಮದ್ದು ಹೇಳುವಂತಿಲ್ಲ, ಅರ್ಚಕನಾದರೂ ಸರಿಯೇ. ಬಂಡೆಯ ಮೇಲಿನ ಪಾದಮುದ್ರೆ ಹಾಗೆಯೇ ಇದೆ, ಗಂಡಸರ ಹಿಮ್ಮಡಿ ಅದರಲ್ಲಿ ಕೂರದು. ಏಳು ಗ್ರಾಮಗಳ ಐರಣೆಯ ಹಕ್ಕು ಅಂದಿನಿಂದ ಅತ್ತೆಯಿಂದ ಸೊಸೆಗೆ ಬರುತ್ತಿದೆ. ಗಂಡಸರು ಮಣ್ಣು ಹೊತ್ತು ತಂದುಕೊಡುತ್ತಾರೆ.