ಸೂಲಗಿತ್ತಿ ಮರಳಿ ತಂದ ಜೋಡು

"ಗುರುಗಳೇ, ಒಬ್ಬನು ಅಂಗಡಿಗೆ ಹೋಗಿ ವಸ್ತುವನ್ನು ಕಣ್ಣಾರೆ ನೋಡಿ, ಮುಟ್ಟಿ, ಒಪ್ಪಿ ಕೊಂಡುಕೊಳ್ಳುತ್ತಾನೆ. ಆಮೇಲೆ ಇದು ಬೇಡವೆಂದು ಮರಳಿ ತರುತ್ತಾನೆ. ವಸ್ತು ಹರಿದಿಲ್ಲ, ಮುರಿದಿಲ್ಲ. ಆಗಲೂ ಅಂಗಡಿಯವನು ಅದನ್ನು ವಾಪಸು ತೆಗೆದುಕೊಳ್ಳಬೇಕೇ?"

ಸಿದ್ಧವೀರನೆಂಬ ಶಿಷ್ಯ ಹೀಗೆ ಕೇಳಿದ. ಮಠಕ್ಕೆ ಬರುವ ಮೊದಲು ಅವನು ತಂದೆಯ ಬಟ್ಟೆ ಅಂಗಡಿಯಲ್ಲಿ ಕೂರುತ್ತಿದ್ದವನು. ಅಲ್ಲಿ ಉತ್ತರ ಸಿಗದ ಪ್ರಶ್ನೆ ಇಲ್ಲಿಗೂ ಅವನ ಜೊತೆ ಬಂದಿತ್ತು. ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಸುತ್ತಿನ ಹಳ್ಳಿಗಳಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ಅವಳಿಗೆ ಕರೆ ಬರುತ್ತಿತ್ತು. ಅವಳ ಊರಿಗೂ ಆ ಹಳ್ಳಿಗಳಿಗೂ ನಡುವೆ ಒಂದು ಹಳ್ಳ. ಅದಕ್ಕೆ ಸೇತುವೆ ಇರಲಿಲ್ಲ. ನೀರಿನಲ್ಲಿ ಸಾಲಾಗಿ ಕಲ್ಲುಗಳಿದ್ದವು, ಅವುಗಳ ಮೇಲೆ ಕಾಲಿಟ್ಟು ದಾಟಬೇಕಿತ್ತು. ಅವಳು ಯಾವಾಗಲೂ ಬರಿಗಾಲಿನಲ್ಲೇ ನಡೆದವಳು. ವಯಸ್ಸಾದಂತೆ ಹಿಮ್ಮಡಿ ಒಡೆದು, ದಾರಿಯ ಕಲ್ಲುಮುಳ್ಳು ತಡೆಯಲಾಗದೆ, ಜೋಡು ಕೊಳ್ಳಲು ಪೇಟೆಗೆ ಹೋದಳು.

ಪೇಟೆಯಲ್ಲಿ ಜೋಡಿನ ವ್ಯಾಪಾರಿಯೊಬ್ಬನಿದ್ದ. ಕೆಟ್ಟವನಲ್ಲ. ಒಳ್ಳೆಯ ಚರ್ಮ ತರಿಸುತ್ತಿದ್ದ, ಗಟ್ಟಿಯಾಗಿ ಹೊಲಿಸುತ್ತಿದ್ದ. ಆದರೆ ಬಂದವರನ್ನು ಬರಿಗೈಯಲ್ಲಿ ಕಳಿಸಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ.

"ನಾನು ಹಳ್ಳ ದಾಟಿ ಹೋಗುವವಳು," ಎಂದಳು ಸೂಲಗಿತ್ತಿ. "ಪಾಚಿ ಕಟ್ಟಿದ ಕಲ್ಲು. ಅದರ ಮೇಲೆ ಜಾರದ ಜೋಡು ಬೇಕು."

ವ್ಯಾಪಾರಿ ಒಂದು ಜೊತೆ ತೆಗೆದು ಮುಂದಿಟ್ಟ. "ನಿಮಗೆಂದೇ ಮಾಡಿದಂತಿದೆ ತಾಯಿ. ಒದ್ದೆ ಕಲ್ಲಿನ ಮೇಲೂ ಇದು ಜಾರುವುದಿಲ್ಲ. ಧೈರ್ಯವಾಗಿ ಹಾಕಿಕೊಳ್ಳಿ."

ಅವಳು ಹಾಕಿ ನೋಡಿದಳು. ಬೆರಳಿನ ಬಳಿ ಬಿಗಿಯಾಗಿತ್ತು. ಹಾಗೆಂದು ಹೇಳಿದಳು.

"ಹೊಸ ಚರ್ಮ, ಹಾಗೇ ಇರುತ್ತದೆ. ನಾಲ್ಕು ದಿನ ಹಾಕಿಕೊಂಡು ತಿರುಗಾಡಿ. ತಾನೇ ಸಡಿಲವಾಗುತ್ತದೆ."

ಅವಳು ನಂಬಿದಳು. ಊರಿನ ಓಣಿಗಳಲ್ಲಿ ಅದನ್ನೇ ಹಾಕಿಕೊಂಡು ಓಡಾಡಿದಳು. ಬೆರಳಿಗೆ ಬೊಬ್ಬೆ ಎದ್ದಾಗ ಬಟ್ಟೆ ಸುತ್ತಿಕೊಂಡಳು. ಸಡಿಲವಾಗಲಿಲ್ಲ. ಇನ್ನೂ ದಿನ ಬೇಕೇನೋ ಎಂದು ಸುಮ್ಮನಾದಳು.

ಹೀಗಿರುವಾಗ ಒಂದು ಮಧ್ಯಾಹ್ನ ಆಚೆ ದಡದಿಂದ ಕರೆ ಬಂತು. ಚೊಚ್ಚಲ ಹೆರಿಗೆ, ಮಗು ಅಡ್ಡ ತಿರುಗಿತ್ತು. ಸೂಲಗಿತ್ತಿ ಕೂಡಲೇ ಹೊರಟಳು. ಹಳ್ಳದ ಹತ್ತಿರ ಬಂದಾಗ ಜೋಡು ಬಿಚ್ಚಬೇಕೆಂದು ಒಮ್ಮೆ ಅನ್ನಿಸಿತು. ಜಾರುವುದಿಲ್ಲ ಎಂದಿದ್ದನಲ್ಲ ಎಂದುಕೊಂಡು ಹಾಗೆಯೇ ಕಾಲಿಟ್ಟಳು. ಹಳ್ಳದ ನಡುವೆ ಕಾಲು ಜಾರಿತು. ಬಿದ್ದಳು. ಬಲಗೈ ಕಲ್ಲಿಗೆ ಬಡಿಯಿತು.

ಎದ್ದು, ಜೋಡು ಬಿಚ್ಚಿ ಸೆರಗಿಗೆ ಕಟ್ಟಿಕೊಂಡು, ನೀರಿನಲ್ಲೇ ನಡೆದು ದಾಟಿದಳು. ಆ ಮನೆ ಮುಟ್ಟುವಷ್ಟರಲ್ಲಿ ಮಣಿಕಟ್ಟು ಊದಿಕೊಂಡಿತ್ತು. ಎರಡು ಕೈಯಿಂದ ಮಾಡುವ ಕೆಲಸವನ್ನು ಎಡಗೈಯೊಂದರಿಂದ ಮಾಡಬೇಕಾಯಿತು. ಬಸುರಿಯ ಅತ್ತೆಯ ಕೈಯನ್ನು ಹೊಟ್ಟೆಯ ಮೇಲಿಟ್ಟು, ಇಲ್ಲಿ ಒತ್ತು, ಇಲ್ಲಿ ಬಿಡು ಎಂದು ಹೇಳುತ್ತಾ ಮಗುವನ್ನು ತಿರುಗಿಸಿದಳು. ತಾಯಿ ಉಳಿದಳು, ಮಗುವೂ ಉಳಿಯಿತು. ಮನೆಯವರು ಅವಳ ಕಾಲಿಗೆ ನಮಸ್ಕರಿಸಿದರು. ಅನಾಹುತ ಎಷ್ಟರಲ್ಲಿ ತಪ್ಪಿತು ಎಂಬುದು ಅವಳಿಗೊಬ್ಬಳಿಗೇ ಗೊತ್ತಿತ್ತು.

ಕೈಯ ಊತ ಇಳಿದ ಮೇಲೆ ಅವಳು ಜೋಡು ಹಿಡಿದು ಪೇಟೆಗೆ ಹೋದಳು. ನಡೆದದ್ದನ್ನೆಲ್ಲ ಹೇಳಿ, "ಇದನ್ನು ತೆಗೆದುಕೊಂಡು ನನ್ನ ಹಣ ಕೊಡಿ," ಎಂದಳು.

ವ್ಯಾಪಾರಿ ಜೋಡನ್ನು ತಿರುಗಿಸಿ ನೋಡಿದ. "ಅಡಿಯ ಅಟ್ಟೆ ಸವೆದಿದೆ. ಹಾಕಿಕೊಂಡು ತಿರುಗಿದ ಜೋಡನ್ನು ಹೇಗೆ ತೆಗೆದುಕೊಳ್ಳಲಿ ತಾಯಿ? ಕೊಳ್ಳುವಾಗ ನೀವೇ ನೋಡಿ ತಾನೇ ಕೊಂಡದ್ದು?"

"ತಿರುಗಾಡಿ ಎಂದವರು ನೀವು. ಚರ್ಮವನ್ನು ನಾನು ನೋಡಿದೆ, ನಿಜ. ಹಳ್ಳದ ಕಲ್ಲನ್ನು ನಿಮ್ಮ ಅಂಗಡಿಯಲ್ಲಿ ಹೇಗೆ ನೋಡಲಿ? ಅದಕ್ಕೆ ನಿಮ್ಮ ಮಾತನ್ನೇ ನಂಬಿದೆ."

ವ್ಯಾಪಾರಿ ಒಪ್ಪಲಿಲ್ಲ. ಇಬ್ಬರೂ ಪೇಟೆಯ ಯಜಮಾನನ ಬಳಿ ಹೋದರು. ವ್ಯಾಪಾರದ ತಕರಾರುಗಳನ್ನು ಬಗೆಹರಿಸುವುದು ಅವನ ಕೆಲಸ. ಯಜಮಾನ ಇಬ್ಬರ ಮಾತನ್ನೂ ಕೇಳಿ ವ್ಯಾಪಾರಿಯತ್ತ ತಿರುಗಿದ.

"ಆ ಹಳ್ಳದ ಕಲ್ಲನ್ನು ನೋಡಿದ್ದೀಯಾ?"

"ಇಲ್ಲ ಯಜಮಾನರೇ. ಆದರೆ ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ಜಾರುವುದಿಲ್ಲ ಎಂದೇ ನಂಬಿದ್ದೆ."

"ಸರಿ. ಅದೇ ತರಹದ ಜೋಡನ್ನು ನಿನ್ನ ಅಳತೆಯಲ್ಲಿ ಹಾಕಿಕೊಂಡು ಬಾ."

ಪೇಟೆಯ ಬಾವಿಯ ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲಿತ್ತು. ಅದರ ಒಂದು ಅಂಚು ಪಾಚಿಯಿಂದ ಹಸಿರಾಗಿತ್ತು. ಅಲ್ಲಿ ನಿಲ್ಲಲು ಯಜಮಾನ ಹೇಳಿದ. ವ್ಯಾಪಾರಿ ಮೊದಲು ಬಾವಿಯ ಕಂಬ ಹಿಡಿದುಕೊಂಡ, ಆಮೇಲೆ ಕಲ್ಲಿನ ಮೇಲೆ ಕಾಲಿಟ್ಟ.

"ಕಂಬ ಬಿಡು," ಎಂದ ಯಜಮಾನ.

ವ್ಯಾಪಾರಿ ಕಲ್ಲನ್ನು ನೋಡಿದ. ಸೂಲಗಿತ್ತಿಯ ಕೈಯನ್ನು ನೋಡಿದ. ಕಂಬ ಬಿಡಲಿಲ್ಲ. ಕೆಳಗಿಳಿದು, "ಜೋಡು ತೆಗೆದುಕೊಳ್ಳುತ್ತೇನೆ," ಎಂದ. ಅಲ್ಲೇ ಹಣ ಎಣಿಸಿ ಕೊಟ್ಟ.

ಸುದ್ದಿ ಹಬ್ಬಿತು. ಕೆಲವು ದಿನಗಳಲ್ಲಿ ಒಬ್ಬ ಒಕ್ಕಲಿಗ ಕೆಸರು ಮೆತ್ತಿ ಅಟ್ಟೆ ಸವೆದ ಜೋಡು ತಂದು, ಅವಳದನ್ನು ತೆಗೆದುಕೊಂಡೆಯಲ್ಲ, ನನ್ನದನ್ನೂ ತೆಗೆದುಕೋ ಎಂದ. ಅದೂ ಯಜಮಾನನ ಮುಂದೆ ಹೋಯಿತು. ಮಾರುವಾಗ ವ್ಯಾಪಾರಿ ಏನು ಹೇಳಿದ್ದ ಎಂದು ಯಜಮಾನ ಕೇಳಿದ. ಇದು ಮದುವೆ ಮುಂಜಿಗೆ ಹಾಕುವ ಜೋಡು, ಗದ್ದೆಗೆ ತಡೆಯುವುದಿಲ್ಲ ಎಂದಿದ್ದ. ಒಕ್ಕಲಿಗನೂ ಅದನ್ನು ಅಲ್ಲಗಳೆಯಲಿಲ್ಲ. "ಹಾಗಾದರೆ ಮನೆಗೆ ಹೋಗಪ್ಪ," ಎಂದ ಯಜಮಾನ.

ಈ ಎರಡು ತೀರ್ಪುಗಳ ನಡುವಿನ ವ್ಯತ್ಯಾಸ ವ್ಯಾಪಾರಿಯ ತಲೆಯನ್ನು ಕೊರೆಯತೊಡಗಿತು. ಎರಡು ಸಲವೂ ಜೋಡು ಚೆನ್ನಾಗಿಯೇ ಇತ್ತು, ಎರಡು ಸಲವೂ ಸವೆದಿತ್ತು. ಬೇರೆಯಾಗಿದ್ದದ್ದು ತನ್ನ ಮಾತೊಂದೇ. ಹಾಗಾದರೆ ತಾನು ದಿನವೂ ಮಾರುತ್ತಿರುವುದಾದರೂ ಏನನ್ನು? ಇದನ್ನು ತಿಳಿಯಲೇಬೇಕೆಂದು ಒಂದು ದಿನ ಅಂಗಡಿಗೆ ಬೀಗ ಹಾಕಿ, ತನ್ನಲ್ಲಿದ್ದ ಬಗೆಬಗೆಯ ಜೋಡುಗಳನ್ನು ಗಂಟು ಕಟ್ಟಿಕೊಂಡು ಹಳ್ಳಕ್ಕೆ ಹೋದ. ಒಂದೊಂದನ್ನೇ ಹಾಕಿಕೊಂಡು ಕಲ್ಲಿನ ಮೇಲೆ ನಿಂತ. ಒಂದೊಂದರಲ್ಲೂ ಜಾರಿದ. ಮೈಯೆಲ್ಲ ಒದ್ದೆಯಾಯಿತು.

ಅದೇ ಹೊತ್ತಿಗೆ ಸೂಲಗಿತ್ತಿ ಆಚೆ ದಡದಿಂದ ಬರಿಗಾಲಿನಲ್ಲಿ ದಾಟಿ ಬಂದಳು. ಅವನನ್ನು ಗುರುತಿಸಿ ನಿಂತಳು.

"ತಾಯಿ, ಈ ಕಲ್ಲಿಗೆ ತಡೆಯುವ ಜೋಡು ನನ್ನ ಅಂಗಡಿಯಲ್ಲಿ ಒಂದೂ ಇಲ್ಲ," ಎಂದ ವ್ಯಾಪಾರಿ.

"ಅಂದೇ ಹೀಗೆ ಹೇಳಿದ್ದರೆ ದಾರಿಗೆಂದು ಒಂದು ಜೊತೆ ಕೊಂಡಿರುತ್ತಿದ್ದೆ. ಹಳ್ಳದಲ್ಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದೆ," ಎಂದಳು ಅವಳು.

ವ್ಯಾಪಾರಿ ಗಂಟು ಬಿಚ್ಚಿದ. ಅವಳು ದಡದ ಮೇಲೆ ಕುಳಿತು, ಕಾಲಿಗೆ ಮೆತ್ತಗಿರುವ, ಬೆರಳಿಗೆ ಬಿಗಿಯದ ಒಂದು ಜೊತೆ ಆರಿಸಿಕೊಂಡಳು. ಈ ಸಲ ಅವನು ಅದರ ಬಗ್ಗೆ ಏನೂ ಹೇಳಲಿಲ್ಲ. ಅವಳು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟ. ಎಷ್ಟು ದಿನ ಬಾಳುತ್ತದೆ ಎಂದು ಕೇಳಿದಾಗ, ಗೊತ್ತಿಲ್ಲ ಎಂದ. ಅವಳು ಅದನ್ನು ಹಾಕಿಕೊಂಡು ಊರಿನ ದಾರಿ ಹಿಡಿದಳು.

ಗುರುಗಳು ಕತೆ ನಿಲ್ಲಿಸಿದರು.

ಸಿದ್ಧವೀರನಿಗೆ ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಆದರೂ ಒಂದು ಅನುಮಾನ ಉಳಿದಿತ್ತು. "ಗುರುಗಳೇ, ಆ ವ್ಯಾಪಾರಿಯ ಮನಸ್ಸಿನಲ್ಲಿ ಕೇಡಿರಲಿಲ್ಲ. ಎದುರಿಗಿದ್ದವಳಿಗೆ ಧೈರ್ಯವಾಗಲಿ ಎಂದು ಒಂದು ಮಾತು ಹೇಳಿದ. ಅದೂ ತಪ್ಪೇ?"

ಗುರುಗಳು ಶಿಷ್ಯನ ಮುಖವನ್ನೇ ನೋಡುತ್ತಾ ಕೇಳಿದರು:

"ಮಗುವನ್ನು ಮಣ್ಣು ಮಾಡಿ ನಿನ್ನೆ ಇಲ್ಲಿಗೆ ಬಂದ ತಾಯಿಗೆ, ಸ್ವಲ್ಪ ದಿನ ಹೋದರೆ ಎಲ್ಲ ಮರೆತುಹೋಗುತ್ತದೆ ಎಂದೆಯಲ್ಲ, ಅದು ನಿನಗೆ ಹೇಗೆ ಗೊತ್ತಾಯಿತು?"