ಬೈ ಟು ಬಾರದ ಯಂತ್ರ

ನಾನು ಮೊದಲು ಮನೆ ಬಿಟ್ಟು ನಡೆದದ್ದು ಒಂದು ಸೋಮವಾರ, ಏಳನೇ ಕ್ಲಾಸಿನ ಲೆಕ್ಕದ ಪರೀಕ್ಷೆ ದಿನ. ಊರೂರು ಸುತ್ತಿ, ಕೊನೆಗೆ ತಿಪಟೂರಿನ ಐತಾಳರ ಹೋಟೆಲಿನಲ್ಲಿ ಸಪ್ಲೈಯರ್ ಆದೆ.

ಒಂದು ಬೆಳಿಗ್ಗೆ ಐತಾಳರು ಮೇಜಿಗೊಂದರಂತೆ ಮಾತು ಕೇಳಿ ಆರ್ಡರ್ ತೆಗೆದುಕೊಳ್ಳುವ ಯಂತ್ರ ಇಡಿಸಿದರು. ತಿಂಡಿಯನ್ನು ಗಿರಾಕಿಗಳೇ ಕೌಂಟರಿನಿಂದ ಒಯ್ಯಬೇಕಂತೆ.

"ಇದಕ್ಕೆ ಬಾರದ್ದು ನಿಂಗೇನು ಬರ್ತದೆ, ತೋರಿಸು ಮಾರಾಯ. ಇಲ್ಲದಿದ್ರೆ ಇವತ್ತೇ ಹೊರಡು" ಎಂದರು ನನಗೆ.

ದಿನಾ ಬರುವ ಕೊಬ್ಬರಿ ಮಂಡಿಯ ಇಬ್ಬರನ್ನು ಯಂತ್ರದ ಮುಂದೆ ಕೂರಿಸಿ, "ಮಾಮೂಲಿಂದೇ ಹೇಳಿ ಅಣ್ಣ" ಎಂದೆ.

"ಬೈ ಟು ಕಾಫಿ. ಒಂದಕ್ಕೆ ಸಕ್ಕರೆ ಬೇಡ."

ಬಂದದ್ದು ಎರಡು ಫುಲ್ ಕಾಫಿ, ಎರಡಕ್ಕೂ ಸಕ್ಕರೆ.

"ಒಂದು ಕಾಫಿ ಹಂಚೋಕೆ ಬರದ ಇದ್ಯಾವ ಸೀಮೆ ಯಂತ್ರಾನಪ್ಪ" ಎಂದು ಅವರು ಲೋಟ ತಳ್ಳಿದರು. ಹೋಟೆಲಿಗೆ ಹೋಟೆಲೇ ನಕ್ಕಿತು.

ಐತಾಳರ ಮುಖ ಸಪ್ಪಗಾಯಿತು. ಆಮೇಲೆ ಬೆನ್ನು ತಟ್ಟಿ, "ಭೇಷ್. ಇನ್ನೇನೇನು ಬರುದಿಲ್ಲ ಇದಕ್ಕೆ?" ಎಂದರು. ನಾನು ಉಬ್ಬಿಹೋಗಿ ಎಲ್ಲ ಹೇಳಿದೆ. ಯಂತ್ರ ತಂದವನು ಪಕ್ಕದಲ್ಲೇ ನಿಂತು ಒಂದೊಂದನ್ನೂ ಅದಕ್ಕೆ ಕಲಿಸಿದ.

ಸಂಜೆ ಮಂಡಿಯವರ ಬೈ ಟು ಸರಿಯಾಗಿ ಬಂತು.

"ಇನ್ನೆಲ್ಲಿಗೆ ಹೋಗ್ತಿ ಮಾರಾಯ?" ಎಂದರು ಐತಾಳರು, ನನ್ನ ಬಾಕಿ ಸಂಬಳ ಎಣಿಸಿ ಕೊಡುತ್ತ.

"ಯಂತ್ರಾನೇ ಕೇಳಿ ಸ್ವಾಮಿ. ನಂಗೆ ಗೊತ್ತಿದ್ದದ್ದೆಲ್ಲ ಈಗ ಅದಕ್ಕೂ ಗೊತ್ತು" ಎಂದು, ಮೊಳೆಗೆ ನೇತುಹಾಕಿದ್ದ ಅಂಗಿ ತೆಗೆದು ಚೀಲಕ್ಕೆ ತುರುಕತೊಡಗಿದೆ.