ಅಣೆಕಟ್ಟೆಯ ಉದ್ದ ಸಾಲು

ಶಿಷ್ಯ ಶ್ರೀಪಾಲ ಕೇಳಿದ: "ಗುರುಗಳೇ, ಪ್ರೋಗ್ರಾಂ ಉದ್ದಕ್ಕೆ ಒಂದೇ ಸಾಲಿನಲ್ಲಿದ್ದರೂ ಕಂಪ್ಯೂಟರಿಗೆ ಅರ್ಥವಾಗುತ್ತದೆ. ಮತ್ತೇಕೆ ಅದನ್ನು ಬಿಡಿಸಿ, ಜಾಗ ಬಿಟ್ಟು, ಸಾಲುಸಾಲಾಗಿ ಬರೆಯಬೇಕು?"

ಗುರುಗಳು ಹೇಳಿದರು:

ಒಂದು ಅಣೆಕಟ್ಟೆಯಲ್ಲಿ ಒಬ್ಬ ಎಂಜಿನಿಯರ್ ಇದ್ದ. ಗೇಟುಗಳನ್ನು ತೆರೆದು ಮುಚ್ಚುವ ಪ್ರೋಗ್ರಾಂ ಅವನು ಬರೆದದ್ದು. ಯಾವಾಗ ತೆರೆಯಬೇಕು ಎಂಬ ಷರತ್ತುಗಳನ್ನೆಲ್ಲ ಒಂದೇ ಸಾಲಿನಲ್ಲಿ ಪೋಣಿಸಿದ್ದ. ಆ ಸಾಲು ಪರದೆಯ ಅಂಚು ದಾಟಿ ಹೋಗುತ್ತಿತ್ತು. ಅವನ ಕೈಕೆಳಗೆ ಹೊಸದಾಗಿ ಸೇರಿದ್ದ ಒಬ್ಬಳಿಗೆ ಅದನ್ನು ಕಂಡರೆ ದಿಗಿಲು.

"ಸರ್, ಒಂದೊಂದು ಷರತ್ತನ್ನು ಒಂದೊಂದು ಸಾಲಿಗೆ ಇಳಿಸೋಣವೇ? ಜೊತೆಗಿರಬೇಕಾದವನ್ನು ಆವರಣ ಚಿಹ್ನೆಯೊಳಗೆ ಹಾಕಿದರೆ ನನಗೂ ಓದಲು ಬರುತ್ತದೆ."

"ಓದಬೇಕಾದದ್ದು ಯಂತ್ರ ಕಣಮ್ಮ. ಅದು ಇವತ್ತಿನವರೆಗೆ ತಕರಾರು ಮಾಡಿಲ್ಲ. ಮುಟ್ಟಬೇಡ."

ಆ ಮಳೆಗಾಲದಲ್ಲಿ ಅವನು ತಂಗಿಯ ಮದುವೆಗೆಂದು ರಜೆ ಹಾಕಿ ಹೋದ. ಕೆಳಗಿನ ಹೊಳೆಯಲ್ಲಿ ಮೀನುಗಾರರು ಬಲೆ ಎತ್ತಲು ಇಳಿಯುವವರಿದ್ದರು. ಅವರು ದಡ ಹತ್ತುವವರೆಗೆ ಗೇಟು ತೆರೆಯಬಾರದೆಂದು ಮೇಲಿನಿಂದ ಆದೇಶ ಬಂತು. ಹೊಸಬಳು ಎಂಜಿನಿಯರಿಗೆ ಫೋನು ಮಾಡಿದಳು, ಅವನು ಎತ್ತಲಿಲ್ಲ. ಆ ಸಾಲನ್ನು ಮತ್ತೆ ಮತ್ತೆ ಓದಿದಳು. ಅರ್ಧಕ್ಕೆ ಬರುವಷ್ಟರಲ್ಲಿ ಮೊದಲಿನದು ಮರೆತುಹೋಗುತ್ತಿತ್ತು. ಕಡೆಗೆ 'ಹೊಳೆಯಲ್ಲಿ ಜನರಿರಬಾರದು' ಎಂಬ ಷರತ್ತನ್ನು ಸಾಲಿನ ತುದಿಗೆ ಸೇರಿಸಿದಳು. ಅದು ಎಲ್ಲಕ್ಕೂ ಅನ್ವಯಿಸುತ್ತದೆ ಎಂದುಕೊಂಡಳು. ಮೀನುಗಾರರಿಗೆ ಧೈರ್ಯ ಹೇಳಿ ಕಳಿಸಿದಳು.

ಸಾಲಿನ ನಡುವೆ ಒಂದು 'ಅಥವಾ' ಇತ್ತು. ಅವಳು ಸೇರಿಸಿದ ಮಾತು ಅದರ ಆಚೆಗಿನ ಷರತ್ತಿಗೆ ಮಾತ್ರ ತಗುಲಿತು. 'ನೀರು ಏರಿದರೆ ತೆರೆ' ಎಂಬುದೂ ಸೇರಿ ಈಚೆಗಿನವು ಮೊದಲಿನಂತೆಯೇ ಉಳಿದವು. ನೀರು ಏರಿತು, ಗೇಟು ತೆರೆದುಕೊಂಡಿತು. ಒಬ್ಬ ಮೀನುಗಾರ ಕೊಚ್ಚಿಹೋದ.

ಅವನ ಹೆಂಡತಿ ಕಚೇರಿಗೆ ಬಂದು ಅವಳನ್ನೇ ಕೇಳಿದಳು: "ಗೇಟು ತೆಗೆಯಲ್ಲ, ಹೋಗಿ ಅಂದಿದ್ದಿರಲ್ಲಕ್ಕಾ?"

ವಿಚಾರಣೆ ನಡೆಯಿತು. ಎಂಜಿನಿಯರ್ ತನ್ನ ಸಾಲನ್ನು ತಾನೇ ಬಿಡಿಸಿ ಹೇಳಲು ತಡಬಡಾಯಿಸಿದ. ಆದರೂ ಅದರಲ್ಲಿ ತಪ್ಪು ಸಿಗಲಿಲ್ಲ; ತಪ್ಪು ಅವಳು ಸೇರಿಸಿದ್ದರಲ್ಲಿತ್ತು. ಬಿಡಿಸಿ ಬರೆಯೋಣವೆಂದು ಮೊದಲೇ ಕೇಳಿಕೊಂಡಿದ್ದೆ ಎಂದು ಅವಳು ಹೇಳಿದಾಗ ಅವನು ಹೌದೆನ್ನಲಿಲ್ಲ. ಅವಳನ್ನು ಕೆಲಸದಿಂದ ತೆಗೆದರು.

ಗುರುಗಳು ಕಥೆ ಮುಗಿಸಿದರು. ಶ್ರೀಪಾಲ ತಡೆಯಲಾರದೆ ಕೇಳಿದ: "ಆಮೇಲಾದರೂ ಅವನು ಆ ಸಾಲನ್ನು ಬಿಡಿಸಿ ಬರೆದನೇ?"

"ಏಕೆ ಬರೆಯುತ್ತಾನೆ? ಅದು ಸರಿಯಾಗಿಯೇ ಇದೆಯೆಂದು ವಿಚಾರಣೆಯಲ್ಲಿ ಸಾಬೀತಾಯಿತಲ್ಲ."